ಬಿಸಿಗೆ ತಿರುಗುವ ಫ್ಯಾನು

ಡಿಪ್ಲೊಮಾ ಪರೀಕ್ಷೆಯ ದಿನ ನೀಲಾಂಬಿಕಾ ತಾನು ಮಾಡಿದ ಪುಟ್ಟ ಫ್ಯಾನನ್ನು ಪರೀಕ್ಷಕರ ಮುಂದಿಟ್ಟಳು. ಅದಕ್ಕೆ ಜೋಡಿಸಿದ, ಮೆಣಸಿನಕಾಳಿನಷ್ಟು ಚಿಕ್ಕ ಥರ್ಮಿಸ್ಟರಿಗೆ ಬಿಸಿ ತಾಗಿದಷ್ಟೂ ಫ್ಯಾನು ಜೋರಾಗಿ ತಿರುಗಬೇಕು. ಮನೆಯಲ್ಲಿ ಆ ಥರ್ಮಿಸ್ಟರನ್ನು ಬೆರಳುಗಳಲ್ಲಿ ಹಿಡಿದರೆ ಸಾಕು, ಗಿರ್ರನೆ ಸುತ್ತುತ್ತಿತ್ತು. ಇಂದು ಹೆದರಿಕೆಗೆ ಅವಳ ಬೆರಳುಗಳೇ ತಣ್ಣಗಾಗಿದ್ದವು. ಎಷ್ಟು ಹೊತ್ತು ಹಿಡಿದರೂ ರೆಕ್ಕೆ ಅಲುಗಲಿಲ್ಲ.

“ಹಿಂಗಾದ್ರ ಹೆಂಗ ಪಾಸ್ ಮಾಡ್ಲವ್ವಾ?” ಪರೀಕ್ಷಕರು ಥರ್ಮಿಸ್ಟರಿಗೆ ಉಸಿರು ತಾಗುವಷ್ಟು ಹತ್ತಿರ ಬಾಗಿ ಗದರತೊಡಗಿದರು. “ಇಡೀ ವರ್ಷ ಏನ್ ಮಾಡಿದಿ? ಇದಕ್ಕ ಫ್ಯಾನ್ ಅಂತಾರೇನು?”

ಕಣ್ಣು ತುಂಬಿಕೊಂಡು ತಲೆ ತಗ್ಗಿಸಿದ್ದ ನೀಲಾಂಬಿಕಾಗೆ ರೆಕ್ಕೆ ಮೆಲ್ಲಗೆ ತಿರುಗಿದ್ದು ಕಂಡಿತು. ಬೈಗುಳ ಏರಿದಂತೆ ಅದರ ವೇಗವೂ ಏರಿತು.

“ಸರ್, ನಿಲ್ಲಸಬ್ಯಾಡ್ರಿ!” ಅವಳು ಕೂಗಿದಳು. “ಇನ್ನಷ್ಟು ಬೈರಿ!”