ಬೆರಳಿಗೆ ಬಂದ ಭಾರ

"ಗಾಳಕ್ಕೆ ಅಂತರಗಂಗೆ ಸಿಕ್ಕಾಕೊಂಡದೆ, ಬುಡ್ಸು," ಎಂದ ಪುಟ್ಟಬಸವಯ್ಯ, ಕಣ್ಣು ಮುಚ್ಚಿಕೊಂಡೇ. ತೆಪ್ಪಕ್ಕೆ ಹುಟ್ಟು ಹಾಕುತ್ತಿದ್ದ ಹೆಂಡತಿ ಮಂಚಮ್ಮನ ಕೈ ತಟ್ಟನೆ ನಿಂತಿತು.

ಲಕ್ವ ಹೊಡೆದ ಮೇಲೆ ಅವನ ಬಲಗೈಗೆ ಬಿಸಿ ಯಾವುದು, ತಂಪು ಯಾವುದು ಎಂದೂ ತಿಳಿಯುತ್ತಿರಲಿಲ್ಲ. ಆದರೂ ತೆಪ್ಪದ ಹಿಂದೆ ಎಳೆದುಕೊಂಡು ಬರುವ ಗಾಳದ ದಾರವನ್ನು ಅವಳು ದಿನವೂ ಆ ಬೆರಳುಗಳಿಗೇ ಸುತ್ತುತ್ತಿದ್ದಳು. ನೀರ ಮೇಲೆ ತೇಲುವ ಅಂತರಗಂಗೆ ಕಳೆ ತೊಡರಿದಾಗಲೆಲ್ಲ ತಾನೇ ನೋಡಿ, ಎಳೆದು, ಬಿಡಿಸುತ್ತಿದ್ದಳು.

"ನಿಂಗೆಂಗೆ ಗೊತ್ತಾಯ್ತು?"

"ಬೆರಳ್ಗೆ ಭಾರ ಆಯ್ತು ಕಣಮ್ಮಿ..."

ಹಾಗೆಂದವನು ಕಣ್ಣು ತೆರೆದು ತನ್ನ ಬಲಗೈಯನ್ನೇ ನೋಡಿದ. ಮಂಜು ಹೊದ್ದ ಕಪಿಲೆಯ ಮೇಲೆ ತೆಪ್ಪ ತನ್ನಷ್ಟಕ್ಕೆ ಮೆಲ್ಲಗೆ ತಿರುಗತೊಡಗಿತು. ದಾರದ ಕಡೆ ಚಾಚಿದ್ದ ಕೈಯನ್ನು ಮಂಚಮ್ಮ ಹಿಂದಕ್ಕೆ ಎಳೆದುಕೊಂಡಳು.

"ಇರ್ಲಿ ಬುಡು," ಎಂದಳು. "ಇನ್ನೊಂದು ಗಳಿಗೆ ಅಂಗೇ ಇರ್ಲಿ."