ಒಂದು ಚೊಂಬು ಮಂಜು

ನೀರು ಹುಡುಕಲು ಹೋಗಿದ್ದ ಶಿವಮೂರ್ತಪ್ಪ ಖಾಲಿ ಚೊಂಬು ಹಿಡಿದು ವಾಪಸು ಬಂದ. ಬೆಳಗ್ಗೆ ಕೆಮ್ಮಣ್ಣುಗುಂಡಿಯಿಂದ ಹೊರಟು, ಏದುಸಿರು ಬಿಡುತ್ತಾ ಗಂಡಹೆಂಡಿರು ಕೊನೆಗೂ ಬೆಟ್ಟದ ನೆತ್ತಿ ಮುಟ್ಟಿದ್ದರು. ಅಲ್ಲಿ ಹುಲ್ಲು ಬಿಟ್ಟರೆ ಏನೂ ಇರಲಿಲ್ಲ.

"ಹೊರಡೋವಾಗ ತುಂಬ್ಕೊಳ್ಳಿ ಅಂದೆ. ಕೇಳಿದ್ರಾ?" ಎಂದಳು ವಿಮಲಮ್ಮ.

"ಮಲೆನಾಡಿಗೆ ಯಾರಾದ್ರೂ ನೀರು ಹೊತ್ಕೊಂಡ್ ಬತ್ತಾರೇನೇ? ಹೆಜ್ಜೆಗೊಂದು ಝರಿ ಇರ್ತೈತೆ ಅಂದ್ಕೊಂಡಿದ್ದೆ."

ಪಂಚನಹಳ್ಳಿಯಲ್ಲಿ ತಳ ಕಾಣುವ ಬಾವಿಯಿಂದ ಸೇದಿ, ಹೊಲಕ್ಕೂ ನೀರು ಹೊತ್ತೇ ಹೋಗುವ ಮಹಾಶಯ ಜೀವಮಾನದಲ್ಲಿ ಮೊದಲ ಸಲ ಕೈಬೀಸಿಕೊಂಡು ಬಂದಿದ್ದ. ನೀರಿಲ್ಲದೆ ಲಿಂಗಪೂಜೆಯಿಲ್ಲ, ಪೂಜೆಯಾಗದೆ ಇಬ್ಬರೂ ಬಾಯಿಗೆ ಏನೂ ಹಾಕುವವರಲ್ಲ. ಚೀಲದಲ್ಲಿದ್ದ ಬುತ್ತಿಯ ಒಗ್ಗರಣೆ ವಾಸನೆ ಅವನ ಹೊಟ್ಟೆಯನ್ನು ಕೆಣಕುತ್ತಿತ್ತು. ದೂರದಲ್ಲಿ ಗಣಿಯಿಂದ ಅದಿರು ತುಂಬಿದ ತೊಟ್ಟಿಗಳು ತಂತಿಯ ಮೇಲೆ ಸಲೀಸಾಗಿ ಕೆಳಗೆ ಹೋಗುತ್ತಿದ್ದವು.

"ನಾವೂ ಇಳಿದ್ಬಿಡಾನ ಕಣೇ. ಕೆಳಗೆ ನಲ್ಲಿ ಹತ್ರ ಪೂಜೆ ಮಾಡ್ಕೊಂಡ್ರಾಯ್ತು."

"ನಾನಿಳಿಯಲ್ಲ. ಬೀರೂರಲ್ಲಿ, ತೌರುಮನೆ ಹಿತ್ತಲಲ್ಲಿ ನಿಂತು ಚಿಕ್ಕೋಳಿದ್ದಾಗಿಂದ ಈ ಬೆಟ್ಟ ನೋಡಿದೀನಿ. ಒಂದ್ಸಲ ಇದರ ತಲೆ ಮೇಲೆ ಕೂತು ಪೂಜೆ ಮಾಡ್ಬೇಕು ಅಂತ ಆಸೆ. ಇವತ್ತು ಬಿಟ್ರೆ ನೀವು ಮತ್ತೆ ಕರ್ಕೊಂಡ್ ಬತ್ತೀರಾ?" ಶಿವಮೂರ್ತಪ್ಪನಿಗೆ ಪಾಪ ಅನ್ನಿಸಿತು.

ಅಷ್ಟರಲ್ಲಿ ಕಣಿವೆಯಿಂದ ಮಂಜು ಎದ್ದು ಇಬ್ಬರನ್ನೂ ಮುಚ್ಚಿಬಿಟ್ಟಿತು. ಅವನ ಮೀಸೆಯಿಂದ ಹಿಡಿದು ಕಾಲಡಿಯ ಹುಲ್ಲಿನ ತನಕ ಎಲ್ಲ ತೊಯ್ದುಹೋಯಿತು. ವಿಮಲಮ್ಮ ಬಗ್ಗಿ ಸೀರೆಯ ಅಂಚು ಮುಟ್ಟಿ ನೋಡಿದಳು, ಒದ್ದೆಮುದ್ದೆ. ತಟ್ಟನೆ ಚೀಲದಿಂದ, ಪೂಜೆಗೆ ಉಡಲೆಂದು ತಂದಿದ್ದ ಮಡಿಸೀರೆ ಬಿಚ್ಚಿ ಒಂದು ತುದಿಯನ್ನು ಗಂಡನ ಕೈಗೆ ಕೊಟ್ಟಳು.

"ಹಿಡ್ಕೊಳ್ರೀ. ಹುಲ್ಲಿನ ಮೇಲೆ ಎಳ್ಕೊಂಡು ಓಡಾನ."

"ಹುಚ್ಚುಗಿಚ್ಚು ಹಿಡೀತೇನೇ ನಿಂಗೆ?"

"ಹಸಿವಾಗಿಲ್ವಾ ನಿಮ್ಗೆ?"

ಆಗಿತ್ತು. ಓಡಿದ. ಮೊಮ್ಮಕ್ಕಳನ್ನು ಕಂಡ ಇಬ್ಬರೂ ಸೀರೆಯ ಎರಡು ತುದಿ ಹಿಡಿದು ಆ ನೆತ್ತಿಯ ಮೇಲೆ ಅತ್ತಿಂದಿತ್ತ ಓಡಿದರು, ಜಾರಿ ಬಿದ್ದರು, ಬಿದ್ದಲ್ಲೇ ಕೂತು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಆಮೇಲೆ ಸೀರೆ ಹಿಂಡಿದರೆ ಚೊಂಬಿನ ತುಂಬ ನೀರು! ಒಂದೆರಡು ಹುಲ್ಲೆಸಳು ತೇಲುತ್ತಿದ್ದವು, ಅಷ್ಟೇ.

ಪೂಜೆಯಾಯಿತು. ತೀರ್ಥ ತೆಗೆದುಕೊಂಡು, ಬುತ್ತಿ ಬಿಚ್ಚಿ ಬಳಿದು ತಿಂದರು. ಶಿವಮೂರ್ತಪ್ಪ ತೇಗಿ ಕಾಲು ಚಾಚಿದ.

"ಇನ್ನೊಂದ್ ಗಳಿಗೆ ಕೂರಾನ ಕಣೇ. ಏನ್ ಸುಖವಾಗೈತೆ."

ವಿಮಲಮ್ಮ ಆಗಲೇ ಸೀರೆಯನ್ನು ಮತ್ತೊಮ್ಮೆ ಹುಲ್ಲಿನ ಮೇಲೆಳೆದು, ಒದ್ದೆ ಆರದಂತೆ ಗಂಟು ಕಟ್ಟುತ್ತಿದ್ದಳು.

"ಏಳಿ, ಏಳಿ. ಇದು ಒಣಗೋದ್ರೊಳಗೆ ಊರು ಸೇರ್ಬೇಕು. ನಮ್ ಬಾವಿಗೂ ಒಂಚೂರು ಹಿಂಡ್ತೀನಿ."