ಅಟ್ಟದ ಬಾಗಿಲು ಮತ್ತು ಎರಡು ಸೆಲ್ಲು

ಏಣಿಯ ತುದಿಯಲ್ಲಿ ನಿಂತು ಉಗ್ರಪ್ಪ ಬಾಗಿಲಿಗೆ ಸಿಕ್ಕಿಸಿದ್ದ ಎಣಿಕೆ ಡಬ್ಬಿಯ ಗುಂಡಿ ಒತ್ತಿದ. ಕೆಂಪಗೆ ಸೊನ್ನೆ ಹೊತ್ತಿಕೊಂಡಿತು. ಅಂದರೆ ತಿಂಗಳಿಂದ ಈ ಅಟ್ಟದ ಬಾಗಿಲನ್ನು ಯಾರೂ ತೆರೆದಿಲ್ಲ. ಬಾಗಿಲು ತಳ್ಳಿ ಇಣುಕಿದರೆ, ಕೊಬ್ಬರಿಯಾಗಲೆಂದು ಪೇರಿಸಿದ್ದ ತೆಂಗಿನಕಾಯಿ ರಾಶಿ ಹೋದ ತಿಂಗಳು ಗೋಡೆಗೆ ಎಳೆದಿದ್ದ ಇದ್ದಲ ಗೆರೆಗಿಂತ ಒಂದು ಮೊಳ ಕೆಳಗೆ ಕೂತಿತ್ತು.

“ಬಾಗಿಲಲ್ಲಿ ಬಂದಿಲ್ಲ ಅಂದ್ರೆ ಹೆಂಚು ತೆಗೆದೇ ಇಳಿದವ್ನೆ!” ಕೆಳಗಿನಿಂದ ಮಾವ ಚನ್ನಬಸವಯ್ಯ ಗುಡುಗಿದರು. “ಈ ಗಂಡಸಿ ಊರಲ್ಲಿ ಹೆಂಚಿನ ಮೇಲೆ ಬೆಕ್ಕಿನಂಗೆ ಓಡಾಡೋನು ಒಬ್ನೇ. ಮರಿಯಣ್ಣ, ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ.”

ಇಪ್ಪತ್ತು ವರ್ಷದಿಂದ ಆ ಮನೆಯ ಕಾಯಿ ಸುಲಿಯುತ್ತಿದ್ದ ಮರಿಯಣ್ಣ ಹೆಗಲ ಟವೆಲ್ಲನ್ನು ಕೈಗೆ ತೆಗೆದುಕೊಂಡ. “ಸಾವ್ಕಾರ್ರೇ, ಒಂದು ಕಾಯೂ ಮುಟ್ಟಿಲ್ಲ. ಬೇಕಾದ್ರೆ ಆ ಮಿಷಿನ್ನೇ ಇನ್ನೊಂದ್ಸಲ ಕೇಳಿ.”

“ಅದು ಸುಳ್ಳು ಹೇಳಲ್ಲ ಕಣೋ. ನಮ್ಮ ಅಳಿಯಂದಿರು ಮಾಡಿರೋದು!”

ಅಳಿಯ ಉಗ್ರಪ್ಪ ಅರಸೀಕೆರೆಯಲ್ಲಿ ರೇಡಿಯೋ, ಟಿವಿ ರಿಪೇರಿ ಮಾಡುವವನು. ಅವನ ಬಾಯಲ್ಲಿ ಕೇಳಿದರೆ ಆ ತಾಲ್ಲೂಕಿನಲ್ಲಿ ಮಳೆಯೂ ಅವನ ಅಪ್ಪಣೆ ಪಡೆದೇ ಬೀಳುತ್ತಿತ್ತು. ಮಾವನೋ, ಬಿಸಿಲಲ್ಲಿ ನಡೆದರೆ ನೆರಳು ಸವೆದೀತೆಂದು ಮರದಡಿಯಲ್ಲೇ ಹೋಗುವ ಆಸಾಮಿ. ಬಾಗಿಲು ತೆರೆದದ್ದನ್ನು ಎಣಿಸುವ ಮಿಷಿನ್ನಿಗೆ ನಾಲ್ಕು ಸೆಲ್ ಬೇಕೆಂದಾಗ, “ನಾಲ್ಕೇ? ಟಾರ್ಚಿಗೇ ಎರಡು ಸಾಕಲ್ಲ!” ಎಂದು ಎದೆ ಹಿಡಿದುಕೊಂಡಿದ್ದರು. ಒಳಗಿನ ಎಲೆಕ್ಟ್ರಾನಿಕ್ ಚಿಪ್‌ಗೆ ಐದು ವೋಲ್ಟ್ ಬೇಕು, ಎರಡು ಸೆಲ್ಲಿನಲ್ಲಿ ಇರುವುದು ಮೂರೇ. ಉಗ್ರಪ್ಪ ಕೆಟ್ಟ ಸಿಎಫ್‌ಎಲ್ ದೀಪ ಒಡೆದು, ಅದರ ಸರ್ಕ್ಯೂಟಿನಲ್ಲಿದ್ದ ಪುಟ್ಟ ಉಂಗುರಕ್ಕೆ ತಂತಿ ಸುತ್ತಿ, ಮೂರು ವೋಲ್ಟನ್ನು ಐದು ಮಾಡಿದ್ದ. “ಎರಡೇ ಸೆಲ್ಲು ಮಾವ, ವರ್ಷಗಟ್ಟಲೆ ಬರುತ್ತೆ” ಎಂದೂ ಸೇರಿಸಿದ್ದ. ನಿಜಕ್ಕೂ ಅದು ಇಪ್ಪತ್ತೈದು ದಿನ ಬಂದರೆ ದೊಡ್ಡದು. ಅದಕ್ಕೇ ಇವತ್ತು ಮಾವನ ಕಣ್ಣು ತಪ್ಪಿಸಿ ಬದಲಾಯಿಸಲು ಜೇಬಿನಲ್ಲಿ ಹೊಸ ಸೆಲ್ ಇಟ್ಟುಕೊಂಡು ಬಂದಿದ್ದ.

ಈಗ ಹಳೆಯದಕ್ಕೆ ಮೀಟರ್ ಹಿಡಿದು ನೋಡಿದ. ಎರಡೂ ಭರ್ತಿ, ಅಂಗಡಿಯಿಂದ ಆಗಷ್ಟೇ ಬಿಚ್ಚಿ ತಂದಂತೆ.

“ಹೆಂಗವೆ ಸೆಲ್ಲು?”

“ಹೊಸಾದ್ರಂಗೇ ಇವೆ ಮಾವ.”

“ನೋಡ್ದಾ ಮರಿಯಣ್ಣ! ಅಳಿಯಂದಿರು ವರ್ಷ ಅಂದ್ರಲ್ಲ, ಹತ್ತು ವರ್ಷ ಬತ್ತವೆ! ನಾಳೆ ಜಾವಗಲ್ ಬೀಗರಿಗೂ ಹೇಳ್ತೀನಿ.”

ಉಗ್ರಪ್ಪ ಬಾಯಿ ಮುಚ್ಚಿಕೊಂಡಿದ್ದರೆ ಅವನ ಕೀರ್ತಿ ಬೇಲೂರು, ಹಳೇಬೀಡು ದಾಟಿ ಘಟ್ಟ ಇಳಿಯುತ್ತಿತ್ತು. ಅಷ್ಟರಲ್ಲಿ ಮರಿಯಣ್ಣ ಜಗಲಿಯ ಕೆಳಗೆ ಬಗ್ಗಿ ಚಪ್ಪಲಿ ಹುಡುಕತೊಡಗಿದ. ಒಂದು ಸಿಕ್ಕಿತು, ಇನ್ನೊಂದು ಸಿಗಲಿಲ್ಲ.

“ಮಾವ,” ಉಗ್ರಪ್ಪ ಏಣಿ ಇಳಿದು ಬಂದ. ಹುಟ್ಟಿದಾಗಿನಿಂದ ಅವನ ಬಾಯಿಂದ ಇಂಥ ಮಾತು ಬಂದಿರಲಿಲ್ಲ. “ನಾನು ರೀಲು ಬಿಟ್ಟಿದ್ದೆ. ಇದು ಒಂದು ತಿಂಗಳೂ ಪೂರ್ತಿ ಬರಲ್ಲ. ಸೆಲ್ಲು ಇಷ್ಟು ತುಂಬಿದೆ ಅಂದ್ರೆ ಮಿಷಿನ್ನು ಓಡೇ ಇಲ್ಲ. ಯಾರೋ ತೆಗೆದಿಟ್ಟು ಇವತ್ತು ಹಾಕಿದ್ದಾರೆ. ಈ ಸೊನ್ನೆ ನಂಬಿ ಮರಿಯಣ್ಣನ್ನ ಕಳಿಸ್ಬೇಡಿ.”

“ಯಾರಯ್ಯಾ ತೆಗೆದೋರು?”

“ನಾನೇ,” ಅಡುಗೆಮನೆ ಬಾಗಿಲಿನಿಂದ ಅತ್ತೆ ರುದ್ರಮ್ಮ ಅಂದಳು. “ಅಳಿಯಂದಿರು ಸಿಕ್ಕಿಸಿ ಹೋದ ದಿನಾನೇ ತೆಗೆದಿಟ್ಟೆ. ಇವತ್ತು ಅವರ ಲೂನಾ ಗಾಡಿ ಸದ್ದು ಕೇಳಿ ಹಾಕ್ದೆ. ಹಗಲೂ ರಾತ್ರಿ ಸುಮ್ನೆ ಸೆಲ್ ದಂಡ ಅಲ್ವಾ? ಟಾರ್ಚಿಂದೂ ಹಂಗೇ ತೆಗೆದಿಡಲ್ವಾ ನಾವು?”

ಮಂಡಿನೋವೆಂದು ಹತ್ತು ವರ್ಷದಿಂದ ಹೊಸಿಲು ದಾಟಲೂ ನರಳುವ ಅತ್ತೆ ಈ ಏಣಿ ಹತ್ತಿದ್ದು ಹೇಗೆಂದು ಉಗ್ರಪ್ಪ ತಿರುಗಿ ನೋಡಿದ. ಅವಳ ಸೆರಗಿನ ಅಂಚಿನಲ್ಲಿ ಒಂದು ಗೇಣು ತೆಂಗಿನ ನಾರು ಸಿಕ್ಕಿಕೊಂಡಿತ್ತು. ಅವನು ನೋಡಿದ್ದನ್ನು ಅವಳೂ ನೋಡಿದಳು. ನಾರನ್ನು ಮೆಲ್ಲಗೆ ಬೆರಳಿಗೆ ಸುತ್ತಿ ಮುಷ್ಟಿಯೊಳಗೆ ಹಾಕಿಕೊಂಡಳು. ಉಗ್ರಪ್ಪ ತನ್ನ ಮೀಟರಿನ ವೈರು ಸುತ್ತತೊಡಗಿದ.

ಚನ್ನಬಸವಯ್ಯನವರ ಮುಖ ಮಾತ್ರ ಅರಳಿತು. “ಲೇ ಮರಿಯಣ್ಣ, ಚಪ್ಪಲಿ ಬಿಡೋ, ಒಳಗೆ ಬಾ. ಅಳಿಯಂದಿರೇ, ನೋಡಿ ಕಲೀರಿ. ಸೆಲ್ಲು ಸವೀದಂಗೆ ನೋಡ್ಕೊಂಡವಳೆ!” ಪೆಟ್ಟಿಗೆಯಿಂದ ಹಿತ್ತಾಳೆ ಬೀಗವೊಂದನ್ನು ಹುಡುಕಿ ತೆಗೆದು ಏಣಿ ಹತ್ತಿದರು, ಅಟ್ಟಕ್ಕೆ ಜಡಿದರು, ಇಳಿದು ಬಂದು ಬೀಗದ ಕೈಯನ್ನು ಹೆಂಡತಿಯ ಮುಂದೆ ಹಿಡಿದರು.

“ಉಳಿತಾಯ ಗೊತ್ತಿರೋಳು ಈ ಮನೇಲಿ ನೀನೊಬ್ಳೇ ಕಣೇ. ಇದು ನಿನ್ನ ಹತ್ರಾನೇ ಇರಲಿ.”

ರುದ್ರಮ್ಮ ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಸೊಂಟಕ್ಕೆ ಸಿಕ್ಕಿಸಿಕೊಂಡಳು.